ಹಳೇ ಟಿಟಿ ತಗೊಳ್ಳೋ ಮುಂಚೆ: ಎಲ್ಲಿ ಕೆಡುತ್ತೆ, ರಿಪೇರಿಗೆ ಎಷ್ಟಾಗುತ್ತೆ?

ಈ ವಾರದ ವಿಷಯ ಕೊಟ್ಟಿದ್ದು ಹಾಸನ ಕಡೆಯ ಒಬ್ಬ ಕೇಳುಗರ ವಾಯ್ಸ್ ನೋಟ್. 2011ರ ಟೆಂಪೋ ಟ್ರಾವೆಲರ್ ಒಂದು ಮೂರೂವರೆ ಲಕ್ಷಕ್ಕೆ ಬರ್ತಿದೆಯಂತೆ. ಮನೆಯಲ್ಲಿ ಇರೋದು ಒಂದು ಲಕ್ಷ, ಉಳಿದಿದ್ದು ಸಾಲ. ಶಬರಿಮಲೆ ಸೀಸನ್ ಶುರುವಾಗೋ ಮುಂಚೆ ರೋಡಿಗಿಳಿಸಬೇಕು, ತಗೊಳ್ಳಬಹುದಾ ಅಂತ ಕೇಳಿದ್ದಾರೆ. ಹೌದು ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಗಾಡಿಯ ಕೆಳಗೆ ಮಲಗಿ ನೋಡಬೇಕಾದ ಪ್ರಶ್ನೆ ಇದು.

ಮೊದಲು ಸ್ವಲ್ಪ ಹಿನ್ನೆಲೆ. ನಾವೆಲ್ಲ ಟಿಟಿ ಅನ್ನೋ ಈ ಗಾಡಿ 1987ರಲ್ಲಿ ಬಂತು. ಆಗ ಕಂಪನಿಯ ಹೆಸರು ಬಜಾಜ್ ಟೆಂಪೋ, 2005ರಿಂದ ಫೋರ್ಸ್ ಮೋಟಾರ್ಸ್. ವಿನ್ಯಾಸದ ಮೂಲ ಜರ್ಮನಿಯ ಮರ್ಸಿಡಿಸ್ ಬೆಂಜ್‌ನ ಟಿ1 ಅನ್ನೋ ವ್ಯಾನ್. ಅಲ್ಲಿ ಅದರ ಉತ್ಪಾದನೆ 1995ಕ್ಕೇ ನಿಂತಿತು, ಇಲ್ಲಿ ಅದರ ವಂಶ ಇನ್ನೂ ಓಡ್ತಾ ಇದೆ. ಇದರಿಂದ ನಮಗೊಂದು ಲಾಭ ಇದೆ. ಚಿಕ್ಕ ಊರಿನ ಗ್ಯಾರೇಜಿನವರಿಗೂ ಈ ಗಾಡಿಯ ಒಳಗುಟ್ಟು ಗೊತ್ತು, ಬಿಡಿಭಾಗವೂ ಸಿಗುತ್ತೆ.

ಹಳೇ ಟಿಟಿಯನ್ನು ಕೊಲ್ಲೋದು ಹೆಚ್ಚಾಗಿ ಬಿಸಿ. ಎಂಜಿನ್ ತಂಪಾಗಿರಲಿ ಅಂತ ರೇಡಿಯೇಟರ್‌ಗೆ ಕೂಲೆಂಟ್ ಹಾಕಬೇಕು. ಆದ್ರೆ ದಾರಿಯಲ್ಲಿ ನೀರು ಕಮ್ಮಿಯಾದಾಗ ಡ್ರೈವರ್ ಏನು ಮಾಡ್ತಾರೆ? ಹತ್ತಿರದ ಬೋರ್‌ವೆಲ್ ನೀರು ಸುರೀತಾರೆ. ನಮ್ಮ ಬಯಲುಸೀಮೆಯ ಬೋರ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಅದೇ ಬಿಳಿ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ಊರೊಳಗೆ ಓಡಿಸಿದ್ರೆ ಗೊತ್ತೇ ಆಗಲ್ಲ. ಹದಿಮೂರು ಜನ, ಮೇಲೆ ಲಗೇಜು, ಎಸಿ ಆನ್ ಮಾಡಿ ಚಾರ್ಮಾಡಿ ಹತ್ತಿಸಿ ನೋಡಿ, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ಕೂರುತ್ತೆ.

ಆಗಲೇ ಗಾಡಿ ನಿಲ್ಲಿಸಿ, ಪೂರ್ತಿ ತಣ್ಣಗಾಗೋವರೆಗೆ ರೇಡಿಯೇಟರ್ ಕ್ಯಾಪ್ ಮುಟ್ಟದೆ ಬಿಟ್ಟು, ಆಮೇಲೆ ರೇಡಿಯೇಟರ್ ಕ್ಲೀನ್ ಮಾಡಿಸಿದ್ರೆ ಒಂದೂವರೆ-ಎರಡು ಸಾವಿರದಲ್ಲಿ ಮುಗಿಯುತ್ತೆ. ಇನ್ನೊಂದು ಹತ್ತು ಕಿಲೋಮೀಟರ್ ತಾನೇ ಅಂತ ಓಡಿಸಿದ್ರೆ ಸಿಲಿಂಡರ್ ಹೆಡ್ ಬಾಗುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ನೀರು ಎಂಜಿನ್ ಆಯಿಲ್‌ಗೆ ಸೇರುತ್ತೆ. ಹೆಡ್ ಇಳಿಸಿ, ಲೇತ್‌ನವರ ಹತ್ರ ಸಮ ಮಾಡಿಸಿ, ಮತ್ತೆ ಕೂರಿಸೋಕೆ 20ರಿಂದ 25 ಸಾವಿರ. ಆಯಿಲ್ ಕೆಟ್ಟು ಬೇರಿಂಗ್, ಪಿಸ್ಟನ್‌ಗೂ ಪೆಟ್ಟು ಬಿದ್ದಿದ್ರೆ ಪೂರ್ತಿ ಎಂಜಿನ್ ಕೆಲಸ. ಅದು ಒಂದು ಲಕ್ಷದ ಆಚೀಚೆ. ನಾನು ಹೇಳ್ತಿರೋ ರೇಟೆಲ್ಲ ಖಾಸಗಿ ಗ್ಯಾರೇಜುಗಳಲ್ಲಿ ಕೇಳಿ ತಿಳ್ಕೊಂಡ ಅಂದಾಜು. ನಿಮ್ಮ ಊರಲ್ಲಿ ಹೆಚ್ಚುಕಮ್ಮಿ ಇರುತ್ತೆ, ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಹೆಚ್ಚೇ ಇರುತ್ತೆ.

ಇದನ್ನು ಕೊಳ್ಳೋ ಮುಂಚೆ ಪತ್ತೆ ಹಚ್ಚೋದು ಕಷ್ಟವಲ್ಲ. ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಅನುಮಾನ ಪಡಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಪ್ಪಗಿದ್ರೆ ಡೀಸೆಲ್ ಗಾಡಿಗೆ ಸಹಜ, ಹಾಲು ಹಾಕಿದ ಚಹಾದ ಬಣ್ಣ ಇದ್ರೆ ಅಲ್ಲಿಂದ ಎದ್ದು ಬನ್ನಿ. ಆಮೇಲೆ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕೋ ಮುಚ್ಚಳ ತೆಗೆಸಿ. ಅಲ್ಲಿಂದ ಬುಸುಬುಸು ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಸೈಲೆನ್ಸರ್ ಕಡೆಗೂ ಒಂದು ಕಣ್ಣಿರಲಿ. ಕಪ್ಪು ಹೊಗೆ ಏರ್ ಫಿಲ್ಟರ್ ಅಥವಾ ಡೀಸೆಲ್ ಪಂಪಿನ ದೋಷ ಇರಬಹುದು, ರಿಪೇರಿ ಆಗುತ್ತೆ. ನೀಲಿ ಹೊಗೆ ಅಂದ್ರೆ ಗಾಡಿ ಆಯಿಲ್ ಕುಡೀತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಮತ್ತೆ ಅದೇ ಹೆಡ್ ಗ್ಯಾಸ್ಕೆಟ್ ಕಥೆ ಇರಬಹುದು.

ಯಾವ ಕಾಲದ ಎಂಜಿನ್ ಅನ್ನೋದೂ ಮುಖ್ಯ. ಹಳೇ ಗಾಡಿಗಳಲ್ಲಿ ಡೀಸೆಲ್ ಒತ್ತೋದು ಮೆಕ್ಯಾನಿಕಲ್ ಪಂಪ್, ಆಮೇಲೆ ಬಂದವು ಕಾಮನ್ ರೈಲ್. ಬಿಎಸ್-4 ದೇಶಾದ್ಯಂತ ಕಡ್ಡಾಯ ಆಗಿದ್ದು 2017ರ ಏಪ್ರಿಲ್‌ನಲ್ಲಿ, ಹಾಗಾಗಿ ಮಧ್ಯದ ವರ್ಷಗಳ ಗಾಡಿಗಳಲ್ಲಿ ಎರಡೂ ಸಿಗುತ್ತವೆ. ಕಾಮನ್ ರೈಲ್ ಓಡಿಸೋಕೆ ಚೆಂದ, ಆದ್ರೆ ಕಲಬೆರಕೆ ಡೀಸೆಲ್ ಅದಕ್ಕೆ ಆಗಲ್ಲ. ಒಂದೊಂದು ಇಂಜೆಕ್ಟರ್ ಹೊಸದಕ್ಕೆ 15 ಸಾವಿರದ ಮೇಲೆ, ಅಂಥವು ನಾಲ್ಕು. ಜತೆಗೆ ಸೆನ್ಸರ್, ಸ್ಕ್ಯಾನರ್ ಅಂತ ಓಡಾಟ. ಮೊದಲ ಬಾರಿ ಗಾಡಿ ಇಡೋರಿಗೆ ನನ್ನ ಓಟು ಮೆಕ್ಯಾನಿಕಲ್ ಪಂಪ್‌ಗೇ. ಶಬ್ದ ಜಾಸ್ತಿ, ಆದ್ರೆ ಕೆಟ್ಟರೆ ಪಂಪ್ ಅಂಗಡಿಯವರು ಬಿಚ್ಚಿ ಸರಿ ಮಾಡಿಕೊಡ್ತಾರೆ.

ಕ್ಲಚ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ರೆ ಪ್ಲೇಟ್ ಸವೆದಿದೆ. ಗೇರ್‌ಬಾಕ್ಸ್ ಇಳಿಸೋ ಕೂಲಿ ಹೇಗೂ ಕೊಡಬೇಕು, ಹಾಗಾಗಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. 14ರಿಂದ 18 ಸಾವಿರ.

ಬ್ರೇಕ್ ವಿಷಯದಲ್ಲಿ ಮಾತ್ರ ದಯವಿಟ್ಟು ಕಂಜೂಸ್‌ತನ ಬೇಡ. ಘಾಟಿ ಇಳಿಯುವಾಗ ಡೀಸೆಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ಬಿಡೋರು ಇನ್ನೂ ಇದ್ದಾರೆ. ಈ ಗಾಡಿಯಲ್ಲಿ ನಿಮ್ಮ ಕಾಲಿನ ಬಲಕ್ಕೆ ಜೊತೆ ಕೊಡೋದು ವ್ಯಾಕ್ಯೂಮ್ ಬೂಸ್ಟರ್. ಎಂಜಿನ್ ನಿಂತ ಮೇಲೆ ಎರಡು-ಮೂರು ಸಲ ಪೆಡಲ್ ಒತ್ತಿದ್ರೆ ಅದರ ಬಲ ಖಾಲಿ. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಪವರ್ ಸ್ಟೀರಿಂಗ್ ಇದ್ರೆ ಅದೂ ಬಿಗಿ. ಇನ್ನೊಂದು ಅಪಾಯ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತೆ. ವರ್ಷಗಟ್ಟಲೆ ಬದಲಿಸದಿದ್ರೆ ಉದ್ದದ ಇಳಿಜಾರಿನ ಬಿಸಿಗೆ ಒಳಗಿನ ನೀರು ಕುದ್ದು ಆವಿಯಾಗಿ, ಪೆಡಲ್ ನೆಲಕ್ಕೆ ಹೋಗಿ ಮುಟ್ಟುತ್ತೆ. ಹಿಂದೆ ಹದಿಮೂರು ಜನ ಕೂತಿರ್ತಾರೆ! ಆಯಿಲ್ ಬದಲಿಸೋ ಖರ್ಚು ಸಾವಿರದ ಆಸುಪಾಸು. ಹತ್ತಿದ ಗೇರಲ್ಲೇ ಇಳೀರಿ ಅನ್ನೋ ಹಳೇ ಡ್ರೈವರ್‌ಗಳ ಮಾತು ಇದಕ್ಕೇ.

ಕೊನೆಗೆ ತುಕ್ಕು. ಮಂಗಳೂರು, ಉಡುಪಿ, ಕಾರವಾರ ಕಡೆ ಓಡಿದ ಗಾಡಿ ಆದ್ರೆ ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಮ್ಯಾಟ್ ಎತ್ತಿಸಿ, ಫುಟ್‌ಬೋರ್ಡ್ ಕೆಳಗೆ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಬಾಗಿಲು, ಫ್ಲೋರ್ ತುಕ್ಕಾದ್ರೆ ಟಿಂಕರಿಂಗ್, ಪೇಂಟ್ ಸೇರಿ ಐವತ್ತು ಸಾವಿರ. ಆದ್ರೆ ಸ್ಪ್ರಿಂಗ್ ಬ್ಲೇಡ್ ಸೆಟ್ ಕೂರೋ ಜಾಗವೇ ತಿಂದುಹೋಗಿದ್ರೆ ಆ ಗಾಡಿ ಬೇಡವೇ ಬೇಡ.

ಈಗ ಹಾಸನದ ಲೆಕ್ಕಕ್ಕೆ ಬರೋಣ. ಹೆಡ್ ಕೆಲಸ 25 ಸಾವಿರ, ಕ್ಲಚ್ 16, ಹಿಂದೆ ಜೋಡಿ ಚಕ್ರ ಇರೋ ಗಾಡಿಗೆ ಆರು ಟೈರ್ ತಲಾ 7 ಸಾವಿರದಂತೆ 42, ಟಿಂಕರಿಂಗ್ 50. ಒಟ್ಟು 1 ಲಕ್ಷ 33 ಸಾವಿರ. ಎಲ್ಲವೂ ಒಂದೇ ವರ್ಷ ಬರಬೇಕಂತಿಲ್ಲ, ಆದ್ರೆ ಬಂದ್ರೆ ಆಶ್ಚರ್ಯವೂ ಇಲ್ಲ. ಸೀಸನ್‌ನಲ್ಲಿ ಗಾಡಿ ನಿಂತ್ರೆ ಬುಕ್ಕಿಂಗ್ ಹೋಗುತ್ತೆ, ಭಕ್ತರನ್ನು ಕರ್ಕೊಂಡು ಹೋಗೋಕೆ ಬೇರೆ ಗಾಡಿಗೆ ನೀವೇ ದುಡ್ಡು ಕಟ್ಟಬೇಕು, ಇಎಂಐ ಮಾತ್ರ ತಾರೀಕಿಗೆ ಸರಿಯಾಗಿ ಬರುತ್ತೆ. ಇದರ ಮೇಲೆ ಎಫ್‌ಸಿ. ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ಪ್ರತಿ ವರ್ಷ ಮಾಡಿಸಬೇಕು. 15 ವರ್ಷ ದಾಟಿದವುಗಳ ಶುಲ್ಕ 2022ರ ಏಪ್ರಿಲ್‌ನಿಂದಲೇ ಹಲವು ಪಟ್ಟು ಏರಿದೆ, ಈಗಿನ ದರ ಆರ್‌ಟಿಒದಲ್ಲಿ ಕೇಳ್ಕೊಳ್ಳಿ. 2011ರ ಗಾಡಿಗೆ ಇದು ದೂರದ ಮಾತಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು ತಮ್ಮ: ತುಕ್ಕಿಲ್ಲದೆ, ಎಂಜಿನ್ ಒಣಗಿ ಸ್ವಚ್ಛವಾಗಿದ್ರೂ ಎರಡೂವರೆ ಲಕ್ಷದಿಂದ ಮಾತು ಶುರು ಮಾಡಿ. ಕೈಯಲ್ಲಿರೋ ಒಂದು ಲಕ್ಷವನ್ನು ಪೂರ್ತಿ ಮುಂಗಡಕ್ಕೆ ಹಾಕಬೇಡಿ, ರಿಪೇರಿಗೆ ಅಂತ ಒಂದಷ್ಟು ಉಳಿಸ್ಕೊಳ್ಳಿ. ಮಾಲೀಕರ ಕಡೆಯ ಮೆಕ್ಯಾನಿಕ್ ಬೇಡ, ನಿಮ್ಮವರನ್ನೇ ಕರ್ಕೊಂಡು ಹೋಗಿ, ಐನೂರೋ ಸಾವಿರವೋ ಕೊಡಿ. ಹೊರಡೋ ಮುಂಚೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್ ನೋಡಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇನ್ನೂ ಇದ್ರೆ ಅವರ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರೋವರೆಗೂ ಅಡ್ವಾನ್ಸ್ ಕೊಡಬೇಡಿ.