ಬಾಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ: ಸ್ಥಳೀಯ ತಯಾರಿಕೆಗೆ ಬೇಕಾದ ಲೆಕ್ಕಾಚಾರ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಎಂದೊಡನೆ ವರ್ತಕರ ಕಣ್ಣೆದುರು ನಿಲ್ಲುವುದು ಸಕ್ಕರೆ, ಬೆಲ್ಲ, ಸೀರೆ ಮತ್ತು ವಿದ್ಯುತ್ ಮಗ್ಗ. ಇವೇ ಊರುಗಳಲ್ಲಿ ಲಗ್ನ, ಜಾತ್ರೆ, ಗಣೇಶೋತ್ಸವಗಳ ಹಂಗಾಮಿನಲ್ಲಿ ದುಡಿಯುವ ಮತ್ತೊಂದು ವ್ಯಾಪಾರವೂ ಇದೆ. ಅದು ಧ್ವನಿವರ್ಧಕ ಬಾಡಿಗೆಯದು. ಮೈಕ್ ಸೆಟ್ಟಿನ ಕಾಲದಲ್ಲಿ ಕಹಳೆಯಾಕಾರದ ಹಾರ್ನ್ ಇದ್ದರೆ ಕಾರ್ಯಕ್ರಮ ಸಾಗುತ್ತಿತ್ತು. ರಸಮಂಜರಿ ತಂಡಗಳು ಬಾಸ್ ಗಿಟಾರ್, ಕೀಬೋರ್ಡ್, ರಿದಮ್ ಪ್ಯಾಡ್‌ಗಳನ್ನು ವೇದಿಕೆಗೆ ತಂದ ಮೇಲೆ ಮಂದ್ರ ಸ್ವರವನ್ನು ಹೊರಡಿಸಬಲ್ಲ ದೊಡ್ಡ ಪೆಟ್ಟಿಗೆಗಳು ಅನಿವಾರ್ಯವಾದವು. ಸಿದ್ಧ ಪೆಟ್ಟಿಗೆಯ ಬೆಲೆ ಭರಿಸಲಾರದವರಿಗೆ ಒಂದು ದಾರಿಯುಂಟು: ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸ್ಪೀಕರನ್ನಷ್ಟೇ ತರಿಸಿ, ಪೆಟ್ಟಿಗೆಯನ್ನು ಊರಿನ ಬಡಿಗರಿಂದ ಮಾಡಿಸಿಕೊಳ್ಳುವುದು.

ಈ ದಾರಿಯಲ್ಲಿ ತಪ್ಪೇನೂ ಇಲ್ಲ. ಮತ್ತೊಬ್ಬರ ಪೆಟ್ಟಿಗೆಯ ಹೊರ ಅಳತೆಯನ್ನು ಟೇಪು ಹಿಡಿದು ನಕಲು ಮಾಡಿ, ಅದರೊಳಗೆ ಬೇರೆಯೇ ಸ್ಪೀಕರನ್ನು ಕೂರಿಸುವಲ್ಲಿ ತಪ್ಪಾಗುತ್ತದೆ. ಅಂಥ ಪೆಟ್ಟಿಗೆ ಗುಂಯ್‌ಗುಡುತ್ತದೆ, ಆದರೆ ನುಡಿಸಿದ ಸ್ವರ ಯಾವುದೆಂದು ತಿಳಿಯುವುದಿಲ್ಲ. ಸದ್ದು ಸಾಲದೆಂದು ಆಂಪ್ಲಿಫೈಯರ್ ಏರಿಸಿದರೆ ಕಾಯಿಲು ಸುಡುತ್ತದೆ. ಆಗ ಬಾಡಿಗೆಯವರ ದೂರು ಬಡಿಗರ ಮೇಲೆ, ಬಡಿಗರ ದೂರು ಸ್ಪೀಕರು ಮಾರಿದವರ ಮೇಲೆ. ಹಂಗಾಮಿನ ನಡುವೆ ಕೈತಪ್ಪಿದ ಬುಕಿಂಗಿನ ನಷ್ಟಕ್ಕೆ ಹೊಣೆ ಯಾರೂ ಇಲ್ಲ.

ಎಷ್ಟು ಕೆಳಗಿನ ಸ್ವರ?

ಸಾಮಾನ್ಯ ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ 82 ಬಾರಿ ಕಂಪಿಸಿದರೆ, ನಾಲ್ಕು ತಂತಿಯ ಬಾಸ್ ಗಿಟಾರಿನದು 41 ಬಾರಿ, ಅಂದರೆ 41 ಹರ್ಟ್ಸ್. ಐದು ತಂತಿಯ ವಾದ್ಯದಲ್ಲಿ ಇದು 31ಕ್ಕೆ ಇಳಿಯುತ್ತದೆ. ಹಾಗೆಂದು ಪೆಟ್ಟಿಗೆ 31 ಹರ್ಟ್ಸ್‌ವರೆಗೂ ಪೂರ್ಣ ಬಲದಿಂದ ನುಡಿಯಲೇಬೇಕೆಂದಿಲ್ಲ. ತಂತಿಯ ಮೂಲ ಕಂಪನದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಹೊರಡುತ್ತವೆ. ಕಿವಿ ಅವುಗಳಿಂದಲೇ ಸ್ವರವನ್ನು ಗುರುತಿಸಿಕೊಳ್ಳುತ್ತದೆ. ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ತಂದ 300 ವ್ಯಾಟಿನ ಎಸ್‌ವಿಟಿ ಆಂಪ್ಲಿಫೈಯರಿನ ಜೊತೆಗಿದ್ದುದು ಎಂಟು 10 ಇಂಚಿನ ಸ್ಪೀಕರುಗಳ ಮುಚ್ಚಿದ ಪೆಟ್ಟಿಗೆ. ಇಂದಿಗೂ ಬಾಸ್ ವಾದಕರು ಅದನ್ನು ಮೆಚ್ಚುತ್ತಾರೆ. ಡಿಜೆಯವರ ಪೆಟ್ಟಿಗೆಯೇ ಬಾಸ್ ಗಿಟಾರಿಗೂ ಆದೀತೆಂಬ ನಂಬಿಕೆ ಅಷ್ಟು ಸರಿಯಲ್ಲ. ಗಿಟಾರಿಗೆ ಮಂದ್ರದ ಜೊತೆಗೆ ಮಧ್ಯದ ಸ್ಪಷ್ಟತೆಯೂ ಬೇಕು.

ಸ್ಪೀಕರಿನ ಜಾತಕ

ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧ ಮತ್ತು 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದ ಬರಹಗಳಿಂದ ಪೆಟ್ಟಿಗೆ ತಯಾರಿಕೆ ಊಹೆಯ ಕೆಲಸವಾಗಿ ಉಳಿಯಲಿಲ್ಲ. ಒಳ್ಳೆಯ ಸ್ಪೀಕರಿನೊಡನೆ ಬರುವ ಕಾಗದದಲ್ಲಿ ಮೂರು ಸಂಖ್ಯೆಗಳನ್ನು ನೋಡಬೇಕು. ಎಫ್‌ಎಸ್ ಎಂಬುದು ಕೋನು ತಾನಾಗಿ ಕಂಪಿಸುವ ವೇಗ. ಕ್ಯೂಟಿಎಸ್ ಎಂಬುದು ಆ ಕಂಪನಕ್ಕೆ ಮ್ಯಾಗ್ನೆಟ್ ಮತ್ತಿತರ ಭಾಗಗಳು ಹಾಕುವ ಕಡಿವಾಣದ ಅಳತೆ. ವಿಎಎಸ್ ಎಂಬುದು ಕೋನಿನ ಸ್ಥಿತಿಸ್ಥಾಪಕತೆಗೆ ಸಮನಾದ ಗಾಳಿಯ ಪ್ರಮಾಣ, ಲೀಟರುಗಳಲ್ಲಿ. ಲಗ್ನಕ್ಕೆ ಮೊದಲು ಜಾತಕ ಕೂಡಿಸುವ ಜನ ಪೆಟ್ಟಿಗೆಗೂ ಸ್ಪೀಕರಿಗೂ ಮಾತ್ರ ಅದನ್ನು ನೋಡದೆಯೇ ಗಂಟು ಹಾಕುತ್ತಾರೆ. ಈ ಮೂರು ಸಂಖ್ಯೆಗಳಿಲ್ಲದ ಸ್ಪೀಕರು ಎಷ್ಟೇ ಅಗ್ಗವಾದರೂ ಬಾಡಿಗೆ ಉದ್ಯೋಗಕ್ಕೆ ದುಬಾರಿಯೇ.

ಉದಾಹರಣೆಗೆ 15 ಇಂಚಿನ ಒಂದು ಸ್ಪೀಕರಿನ ಎಫ್‌ಎಸ್ 40 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 180 ಲೀಟರ್ ಇದೆಯೆನ್ನೋಣ. ಇದನ್ನು ಸುಮಾರು 85 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಸದ್ದು 71 ಹರ್ಟ್ಸ್‌ನಲ್ಲಿ 3 ಡೆಸಿಬಲ್ ಇಳಿದಿರುತ್ತದೆ. ಅದನ್ನೇ 130 ಲೀಟರಿನ ಪೆಟ್ಟಿಗೆಯಲ್ಲಿಟ್ಟು, ಗಾಳಿ ಕೊಳವೆಗಳಿಂದ 45 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ಈ ಇಳಿತ 45-50 ಹರ್ಟ್ಸ್‌ನ ಆಸುಪಾಸಿಗೆ ಸರಿಯುತ್ತದೆ. ಮರ ಹೆಚ್ಚಾಯಿತು, ಸಾಗಣೆಯ ಭಾರ ಹೆಚ್ಚಾಯಿತು. ಬದಲಿಗೆ ಮಂದ್ರ ದೊರೆಯಿತು.

ಕೊಳವೆಗಾಗಿ ದೂರ ಹೋಗಬೇಕಿಲ್ಲ. ಕಬ್ಬಿನ ಹೊಲಕ್ಕೆ ನೀರು ಹಾಯಿಸುವ 110 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 104 ಮಿ.ಮೀ. ಇದ್ದರೆ, ಅಂಥ ಎರಡು ತುಂಡುಗಳು ತಲಾ 12 ಸೆಂ.ಮೀ. ಉದ್ದವಿದ್ದರೆ ಈ ಲೆಕ್ಕ ಕೂಡುತ್ತದೆ. ಮೊದಲು 14 ಸೆಂ.ಮೀ. ಕತ್ತರಿಸಿ ಪರೀಕ್ಷಿಸುವುದು ಜಾಣತನ. ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ. ಹೆಚ್ಚಾದುದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು.

ಬಡಿಗತನದ ಭಾಗ

ಸ್ಪೀಕರು, ಕೊಳವೆ, ಅಡ್ಡಪಟ್ಟಿಗಳು ಆಕ್ರಮಿಸುವ ಜಾಗವನ್ನೂ ಸೇರಿಸಿದರೆ ಮೇಲಿನ ಪೆಟ್ಟಿಗೆಯ ಒಳ ಅಳತೆ 64 × 52 × 43 ಸೆಂ.ಮೀ. ಆಗಬಹುದು. 18 ಮಿ.ಮೀ. ದಪ್ಪದ 8 × 4 ಅಡಿಯ ಒಂದು ಪ್ಲೈವುಡ್ ಹಲಗೆಯಲ್ಲಿ ಒಂದು ಪೆಟ್ಟಿಗೆ ಸಲೀಸಾಗಿ ಆಗುತ್ತದೆ, ಎರಡು ಆಗುವುದಿಲ್ಲ. ಮರದ ತೂಕವೇ 20 ಕಿಲೋ ಸಮೀಪ. ಮಳೆಯಲ್ಲಿ ಟೆಂಪೋ ಏರಿಳಿಯುವ ವಸ್ತುವಾದ್ದರಿಂದ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆಗಿಂತ ಕೆಳಗಿನ ಹಲಗೆ ಬೇಡ. ಎಂಡಿಎಫ್ ಸದ್ದಿಗೆ ಒಗ್ಗುತ್ತದೆ, ಆದರೆ ನೀರು ತಾಗಿದರೆ ಉಬ್ಬುತ್ತದೆ, ಮೂಲೆಗಳು ಬಡಿತ ತಾಳವು.

ಕೀಲುಗಳಲ್ಲಿ ಅಂಟನ್ನು ಜಿಪುಣತನವಿಲ್ಲದೆ ಹಚ್ಚಿ ಸ್ಕ್ರೂ ಬಿಗಿಯಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಸಿಳ್ಳೆ ಹೊಡೆಯುತ್ತದೆ, ಶ್ರುತಿ ಕೆಡುತ್ತದೆ. ಎದುರುಬದುರು ಹಲಗೆಗಳ ನಡುವೆ ಅಡ್ಡಪಟ್ಟಿ ಕೊಡದಿದ್ದರೆ ಸ್ಪೀಕರಿಗೆ ಕೊಟ್ಟ ಶಕ್ತಿಯ ಒಂದಂಶ ಪೆಟ್ಟಿಗೆಯನ್ನು ಅಲುಗಿಸುವುದರಲ್ಲೇ ಮುಗಿಯುತ್ತದೆ. ಸ್ಪೀಕರನ್ನು ಮರದ ಸ್ಕ್ರೂಗಳಿಂದ ಕೂರಿಸುವುದಕ್ಕಿಂತ ಟಿ-ನಟ್ ಹಾಕಿ ಬೋಲ್ಟ್ ಬಿಗಿಯುವುದು ಲೇಸು, ಏಕೆಂದರೆ ಬಾಡಿಗೆಯ ಪೆಟ್ಟಿಗೆ ಮತ್ತೆ ಮತ್ತೆ ಬಿಚ್ಚಬೇಕಾದದ್ದು.

ಶಾಖ ಎಂಬ ಶತ್ರು

ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬಲ್ ಕೊಡುವ ಉತ್ತಮ ಸ್ಪೀಕರು ಕೂಡ ತನಗೆ ಬಂದ ಶಕ್ತಿಯಲ್ಲಿ ಶೇಕಡಾ 3ರಷ್ಟನ್ನು ಮಾತ್ರ ಸದ್ದಾಗಿ ಮಾರ್ಪಡಿಸುತ್ತದೆ. 100 ವ್ಯಾಟ್ ಕೊಟ್ಟರೆ 97 ವ್ಯಾಟ್ ಕಾಯಿಲಿನ ಶಾಖವಾಗುತ್ತದೆ. ಪಂಪ್‌ಸೆಟ್ ಮೋಟಾರು ಸುತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು ಕೇವಲ 3 ಡೆಸಿಬಲ್. ಅದರ ಬದಲು ಇದ್ದ ಶಕ್ತಿಯನ್ನೇ ಎರಡು ಪೆಟ್ಟಿಗೆಗಳಿಗೆ ಹಂಚಿ ಅಕ್ಕಪಕ್ಕದಲ್ಲಿಟ್ಟರೆ ಮಂದ್ರದಲ್ಲಿ ಅದೇ 3 ಡೆಸಿಬಲ್ ದೊರೆಯುತ್ತದೆ, ಪ್ರತಿ ಕಾಯಿಲಿನ ಶಾಖವೂ ಅರ್ಧಕ್ಕಿಳಿಯುತ್ತದೆ. ದೊಡ್ಡ ಆಂಪ್ಲಿಫೈಯರಿಗೆ ಹಣ ಹೂಡುವ ಮೊದಲು ಎರಡನೆಯ ಪೆಟ್ಟಿಗೆಯ ಬಗ್ಗೆ ಯೋಚಿಸಬೇಕಾದುದು ಇದಕ್ಕೇ. 8 ಓಮಿನ ಎರಡು ಪೆಟ್ಟಿಗೆ ಸಮಾಂತರವಾಗಿ ಜೋಡಿಸಿದರೆ 4 ಓಮ್. ನಾಲ್ಕನ್ನು ಜೋಡಿಸಿದರೆ 2 ಓಮ್, ಇದನ್ನು ಅನೇಕ ಆಂಪ್ಲಿಫೈಯರುಗಳು ತಾಳಲಾರವು.

ಕೊಳವೆಯಿರುವ ಪೆಟ್ಟಿಗೆಗೆ ಇನ್ನೊಂದು ಅಪಾಯವಿದೆ. ಶ್ರುತಿಗಿಂತ ಕೆಳಗಿನ ಕಂಪನಗಳಲ್ಲಿ ಒಳಗಿನ ಗಾಳಿ ಕೋನನ್ನು ಹಿಡಿದಿಡುವುದಿಲ್ಲ. ಸದ್ದು ಬಾರದಿದ್ದರೂ ಕೋನು ಮಿತಿಮೀರಿ ಓಲಾಡಿ ಕಾಯಿಲು ಬಡಿಯುತ್ತದೆ. 35 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಇಲ್ಲದೆ ಇಂಥ ಪೆಟ್ಟಿಗೆಯನ್ನು ಬಾಡಿಗೆಗೆ ಕಳಿಸಬಾರದು.

ಕಾನೂನು, ಸಾಲ ಮತ್ತು ಹೆಸರು

2000ದ ಶಬ್ದಮಾಲಿನ್ಯ ನಿಯಮಗಳಂತೆ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ (ಎ) ಹೆಚ್ಚು ಅಥವಾ 75 ಡೆಸಿಬಲ್ (ಎ), ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ವಸತಿ ಪ್ರದೇಶದ ಹಗಲಿನ ಮಿತಿ 55 ಆದ್ದರಿಂದ ಅಲ್ಲಿ 65. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ನಿಷೇಧವಿದೆ. ಸರ್ಕಾರ ವಿನಾಯಿತಿ ನೀಡಿದ ದಿನಗಳಲ್ಲಿ ಮಾತ್ರ ಮಧ್ಯರಾತ್ರಿ 12ರವರೆಗೆ ಅವಕಾಶ. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಈ ರಾತ್ರಿ ನಿರ್ಬಂಧದ ಪಾಲನೆಗೆ ಒತ್ತು ಕೊಟ್ಟಿತು. ಇಲ್ಲಿ ಒಂದು ಸೂಕ್ಷ್ಮವುಂಟು. 'ಎ' ಅಳತೆಯ ಮಾಪಕ 50 ಹರ್ಟ್ಸ್‌ನ ಸದ್ದನ್ನು 30 ಡೆಸಿಬಲ್ ಕಡಿಮೆಯಾಗಿ ತೋರಿಸುತ್ತದೆ. ಮಾಪಕ ಸುಮ್ಮನಿದ್ದರೂ ನೆರೆಮನೆಯ ಕಿಟಕಿಯ ಗಾಜು ನಡುಗುತ್ತಿರಬಹುದು. ದಿನವಿಡೀ ಮಗ್ಗದ ಸದ್ದು ಕೇಳಿದ ಓಣಿಗೆ ಸಂಜೆಯಾದರೂ ವಿಶ್ರಾಂತಿ ಬೇಕೆಂಬುದನ್ನು ಬಾಡಿಗೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಬಡಿಗರಿಗೆ ಬಂಡವಾಳದ ದಾರಿಯೂ ಇದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಗಳಿಗೆ 15,000 ರೂ.ವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂ.ವರೆಗೆ ಸಾಲ ಅದರಲ್ಲಿ ಸೇರಿವೆ. ನೇರವಾಗಿ ಕೊರೆಯುವ ಒಂದು ಒಳ್ಳೆಯ ರೌಟರ್ ಯಂತ್ರಕ್ಕೆ ಇದು ಸಾಲುತ್ತದೆ.

ಊರಲ್ಲಿ ಮಾಡಿದ ಪೆಟ್ಟಿಗೆಗೆ ವಿದೇಶಿ ಕಂಪನಿಯ ಲಾಂಛನ ಅಂಟಿಸುವುದನ್ನು ಮಾತ್ರ ಕೈಬಿಡಬೇಕು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಕಲಮಿನಡಿ ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂ.ವರೆಗೆ ದಂಡ ಉಂಟು. ಆ ಜಾಗದಲ್ಲಿ ತಯಾರಕರು ತಮ್ಮದೇ ಹೆಸರಿನ ಚೀಟಿ ಅಂಟಿಸಲಿ. ಅದರಲ್ಲಿ ಒಳಗಿನ ಲೀಟರ್, ಶ್ರುತಿಯ ಹರ್ಟ್ಸ್, ಓಮ್, ಸ್ಪೀಕರಿನ ಮಾದರಿ, ತಯಾರಿಸಿದ ತಿಂಗಳು, ಇಷ್ಟಿದ್ದರೆ ಕಾಯಿಲು ಸುಟ್ಟ ದಿನ ಜಮಖಂಡಿಯಲ್ಲಿ ಮಾಡಿದ ಪೆಟ್ಟಿಗೆಗೆ ಬೀಳಗಿಯ ರಿಪೇರಿಯವರೂ ಸರಿಯಾದ ಸ್ಪೀಕರನ್ನೇ ತರಿಸಿ ಹಾಕಬಲ್ಲರು.