ಪೆಂಡನ್ ಪಾರ್ವದ ಪುಟ್ಟ ರೈಲು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ, ಡಿಡ್‌ಕಾಟ್ ಪಟ್ಟಣಕ್ಕೆ ಹತ್ತಿರ, ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಿದೆ. ಆ ಹಳ್ಳಿಯೊಳಗೆ ಇನ್ನೊಂದು ಹಳ್ಳಿ. ಹೆಸರು ಪೆಂಡನ್ ಪಾರ್ವ. ಅಲ್ಲಿ ಆರಡಿ ಎತ್ತರದ ಆಳು ಬರೀ 24 ಮಿಲಿಮೀಟರ್. ಹುಲ್ಲು ಹೊದಿಸಿದ ಮನೆಗಳು, ಹೂದೋಟ, ಕೈತೋಟದಲ್ಲಿ ಸಾಲುಸಾಲು ಕೋಸು. ಊರಾಚೆ ಹಳಿಯ ಮೇಲೆ ಹಸಿರು ಎಂಜಿನ್ನು, ಕಂದು ಮತ್ತು ಕೆನೆಬಣ್ಣದ ಬೋಗಿಗಳು. ಕಾಲ 1930ರ ಆಸುಪಾಸಿನಲ್ಲಿ ನಿಂತಿದೆ.

ಇದು ಪೆಂಡನ್ ಮ್ಯೂಸಿಯಂ. ಮಾದರಿ ರೈಲಿನ ಹವ್ಯಾಸವನ್ನು ಮಕ್ಕಳಾಟವೆಂದು ಬದಿಗಿಡುವವರು ಒಮ್ಮೆ ನೋಡಬೇಕಾದ ಜಾಗ.

ಇದನ್ನು ಕಟ್ಟಿದ್ದು ಊರಿನವರಲ್ಲ, ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬಾತ. ಅವನ ಕುಲನಾಮವೇ ಇಂಗ್ಲೆಂಡ್. 1925ರಲ್ಲಿ ಹಡಗಿಳಿದ ಈ ಯುವಕನಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯೆಂದರೆ ಪ್ರಾಣ. ಆ ಕಂಪನಿಯ ಎಂಜಿನ್‌ಗಳು ತಯಾರಾಗುತ್ತಿದ್ದ ಸ್ವಿಂಡನ್ನಿನ ಸುತ್ತಮುತ್ತ ಓಡಾಡಿದ. ರೈಲು ನೋಡಲು ಹೋದವನ ಕಣ್ಣು ಹಳಿಯ ಆಚೀಚಿನ ಮನೆಗಳ ಮೇಲೆ ಬಿತ್ತು. ವೇಲ್ ಆಫ್ ವೈಟ್ ಹಾರ್ಸ್ ಕಣಿವೆಯ ಆ ಮನೆಗಳಿಗೆ ಶತಮಾನಗಳ ವಯಸ್ಸು. ಅವು ಅವನ ಕಣ್ಣೆದುರಿಗೇ ಬದಲಾಗುತ್ತಿದ್ದವು. ಮಾಡಿನ ಹುಲ್ಲು ಕಿತ್ತು ಬೇರೆ ಹೊದಿಕೆ ಹಾಕುತ್ತಿದ್ದರು, ಕೆಲವನ್ನು ಕೆಡವುತ್ತಲೂ ಇದ್ದರು. ತಡೆಯುವ ಅಧಿಕಾರ ಅವನಿಗಿರಲಿಲ್ಲ, ಕೊಂಡುಕೊಳ್ಳುವ ದುಡ್ಡೂ ಇರಲಿಲ್ಲ. ಅಳತೆ ತೆಗೆದು, ಚಿತ್ರ ಹಿಡಿದು, ಗುರುತು ಬರೆದುಕೊಂಡು, ಒಂದಡಿಗೆ ನಾಲ್ಕು ಮಿಲಿಮೀಟರಿನ ಲೆಕ್ಕದಲ್ಲಿ ಅವುಗಳನ್ನು ಮತ್ತೆ ಕಟ್ಟತೊಡಗಿದ.

ಆ ಲೆಕ್ಕ ಎಷ್ಟು ಕಠಿಣವೆಂದು ತಿಳಿಯಲು ಒಂದು ಇಟ್ಟಿಗೆ ಸಾಕು. ಗಾರೆಯೂ ಸೇರಿ ಒಂಬತ್ತಂಗುಲ ಉದ್ದ, ಮೂರಂಗುಲ ದಪ್ಪದ ಇಟ್ಟಿಗೆ ಇಲ್ಲಿ ಮೂರು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ದಪ್ಪ. ಗೋಡೆಗೆ ಬಳಸುವುದು ದಪ್ಪ ಕಾಗದದ ಹಲಗೆ. ಅದರ ಮೇಲೆ ಒಂದೊಂದು ಇಟ್ಟಿಗೆಯ ಗೆರೆಯನ್ನೂ ಕೈಯಿಂದಲೇ ಒತ್ತಿ ಮೂಡಿಸಬೇಕು. ನಿಜವಾದ ಗೋಡೆಯಲ್ಲಿ ಎರಡು ಇಟ್ಟಿಗೆಗಳ ಬಣ್ಣ ಒಂದೇ ಇರುವುದಿಲ್ಲವಲ್ಲ, ಹಾಗಾಗಿ ಜಲವರ್ಣದಲ್ಲಿ ಒಂದೊಂದಕ್ಕೂ ಬೇರೆ ಛಾಯೆ. ಬಿಸಿಲು ಬಿದ್ದ ಗೋಡೆ ಬೇರೆ, ಪಾಚಿ ಹಿಡಿದ ಗೋಡೆ ಬೇರೆ. ಇಷ್ಟಾದರೆ ಒಂದು ಗೋಡೆ ಮುಗಿಯಿತು. ಕಿಟಕಿ, ಹೊಗೆಗೂಡು, ಮಾಡು, ಅಂಗಳ ಎಲ್ಲವೂ ಇನ್ನೂ ಬಾಕಿ. ಒಂದು ಮನೆಗೆ ವರ್ಷಗಟ್ಟಲೆ ಹಿಡಿದರೆ ಇಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.

ಪೆಂಡನ್ ಪಾರ್ವ ಎಂಬ ಊರು ನಿಜಕ್ಕೂ ಇರಲಿಲ್ಲ. ಆದರೆ ಅದರ ಮನೆಗಳಿಗೆ ಕಣಿವೆಯ ಬೇರೆಬೇರೆ ಹಳ್ಳಿಗಳ ನಿಜವಾದ ಮನೆಗಳೇ ಮೂಲ. ಅವನ್ನೆಲ್ಲ ಒಂದೆಡೆ ಕೂಡಿಸಿದ್ದಷ್ಟೇ ಕಲ್ಪನೆ. ರಾಯ್ ಇಂಗ್ಲೆಂಡ್ 1954ರಲ್ಲಿ ಮ್ಯೂಸಿಯಂ ಸ್ಥಾಪಿಸಿ, 1995ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸದಲ್ಲೇ ಬದುಕಿದ. ಅವನೊಂದಿಗೆ ಸೇರಿದ ಗೈ ವಿಲಿಯಮ್ಸ್ ಲೋಹದ ತೆಳು ತಗಡು ಕತ್ತರಿಸಿ, ಬೆಸುಗೆ ಹಾಕಿ, ಎಂಜಿನ್ ಮೇಲೆ ಎಂಜಿನ್ ತಯಾರಿಸಿದ. ಮತ್ತೊಂದು ಕೋಣೆಯಲ್ಲಿ ಡಾರ್ಟ್‌ಮೂರಿನ ದೃಶ್ಯ. ಅಲ್ಲಿ ಬ್ರೂನೆಲ್ ಎಂಬ ಮಹಾ ಎಂಜಿನಿಯರನ ಮಾದರಿಯ ಮರದ ಸೇತುವೆಯ ಮೇಲೆ ರೈಲು ದಾಟುತ್ತದೆ. ಅಂಥ ನಿಜವಾದ ಸೇತುವೆಗಳ ಮರವೆಲ್ಲ ಎಂದೋ ಹೋಗಿದೆ, ಅಲ್ಲಲ್ಲಿ ಕಲ್ಲಿನ ಕಂಬಗಳಷ್ಟೇ ನಿಂತಿವೆ.

ಹವ್ಯಾಸದ ಇತಿಹಾಸ ಇದಕ್ಕಿಂತ ಹಳೆಯದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಮೇಳದಲ್ಲಿ ಜೋಡಿಸಬಹುದಾದ ಹಳಿಗಳನ್ನೂ ನಿಗದಿತ ಗೇಜ್‌ಗಳನ್ನೂ ತಂದಿತು. ಆಟದ ಗಾಡಿ ಅಲ್ಲಿಂದ ವ್ಯವಸ್ಥೆಯಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ರೈಲುಗಳನ್ನು ಮಾರುಕಟ್ಟೆಗೆ ತಂದ. ಆದರೆ ರೈಲಿನ ಸುತ್ತ ಊರು, ಹೊಳೆ, ಗುಡ್ಡಗಳೂ ಇರಬೇಕೆಂದು ಮೊದಲಿಗೆ ಮಾಡಿ ತೋರಿಸಿದವರಲ್ಲಿ ಜಾನ್ ಅಹರ್ನ್ ಒಬ್ಬ. ಅವನು ಕಟ್ಟಿದ ಮ್ಯಾಡರ್ ವ್ಯಾಲಿ ಎಂಬ ಮಾದರಿ ರೈಲ್ವೆಯೂ ಈಗ ಪೆಂಡನ್ನಿನಲ್ಲೇ ಇದೆ.

ಈ ಹುಚ್ಚು ಹಿಡಿದವರೆಲ್ಲರೂ ಹಳೆಯದನ್ನೇ ಹುಡುಕುತ್ತ ಹೋದವರಲ್ಲ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲು ಕ್ಲಬ್ಬಿನ ಹುಡುಗರಿಗೆ ಮೇಲಿನ ದೃಶ್ಯಕ್ಕಿಂತ ಮೇಜಿನಡಿಯ ತಂತಿಗಳು, ಟೆಲಿಫೋನ್ ರಿಲೇಗಳೇ ಇಷ್ಟ. ಅವರಲ್ಲಿ ಕೆಲವರು ಕಂಪ್ಯೂಟರಿನತ್ತ ಹೊರಳಿದರು. ಕ್ಲಬ್ಬಿನ ಸ್ಟೀವ್ ರಸೆಲ್ ಗೆಳೆಯರೊಂದಿಗೆ ಸೇರಿ 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಕಂಪ್ಯೂಟರ್ ಆಟ ಬರೆದ. ಹೆಸರಾಂತರನ್ನೂ ಈ ಹುಚ್ಚು ಬಿಟ್ಟಿಲ್ಲ. ಗಾಯಕ ರಾಡ್ ಸ್ಟುವರ್ಟ್ ಇಪ್ಪತ್ತು ವರ್ಷಕ್ಕೂ ಮೀರಿ ಕಟ್ಟಿದ, 1940ರ ದಶಕದ ಅಮೆರಿಕನ್ ನಗರದ ಮಾದರಿಯನ್ನು 2019ರಲ್ಲಿ ಲೋಕಕ್ಕೆ ತೋರಿಸಿದ. ಹಾಡಲು ಊರೂರು ಸುತ್ತುವಾಗಲೂ ಈ ಕೆಲಸಕ್ಕೆಂದೇ ಹೋಟೆಲಿನಲ್ಲಿ ಇನ್ನೊಂದು ಕೋಣೆ ಕೇಳುತ್ತಿದ್ದನಂತೆ. ಇನ್ನೊಬ್ಬ ಗಾಯಕ ನೀಲ್ ಯಂಗ್‌ಗೆ ಇದ್ದ ಕಾರಣವೇ ಬೇರೆ. ಸೆರೆಬ್ರಲ್ ಪಾಲ್ಸಿ ಇರುವ ಮಗ ತಾನೇ ರೈಲು ಓಡಿಸುವಂತಾಗಲಿ ಎಂದು ಹೊಸ ಬಗೆಯ ನಿಯಂತ್ರಕ ತಯಾರಿಸಲು ಮುಂದಾದ. ತಂದೆಮಗ ಒಟ್ಟಿಗೆ ಕೂತು ಆಡಲು ಶುರುವಾದ ಆ ಕೆಲಸ ಅವನನ್ನು ಲಯೊನೆಲ್ ರೈಲು ಕಂಪನಿಯ ಪಾಲುದಾರಿಕೆಯವರೆಗೆ ಒಯ್ದಿತು.

ಪೆಂಡನ್ನನ್ನು ಇವತ್ತಿಗೂ ನಡೆಸುತ್ತಿರುವವರು ಸ್ವಯಂಸೇವಕರು. ಕಣಿವೆಯ ದೃಶ್ಯವನ್ನು ಒಂದು ತಲೆಮಾರು ಕಟ್ಟಿ ಇನ್ನೊಂದರ ಕೈಗೆ ಕೊಟ್ಟಿದೆ. ಗಂಟೆಗಟ್ಟಲೆ ಬಗ್ಗಿ ಕೂತು ಇಟ್ಟಿಗೆ ಬರೆಯುವ ಕೈಗಳು ಸುಲಭಕ್ಕೆ ಸಿಗುವುದಿಲ್ಲ. ಸಂಬಳ ಕೊಟ್ಟು ಮಾಡಿಸಹೊರಟರೆ ಯಾವ ಸಂಸ್ಥೆಗೂ ನೀಗದ ಕೆಲಸ ಇದು.

ನಮ್ಮ ಹತ್ತಿರದಲ್ಲಿ ನೋಡಬೇಕೆಂದರೆ ಪುಣೆಯ ಕೋಥ್ರೂಡಿನಲ್ಲಿ ಜೋಶಿ ಕುಟುಂಬದವರು 1998ರಿಂದ ನಡೆಸುತ್ತಿರುವ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ 1979ರಿಂದ ನಿಜವಾದ ಹಳೆಯ ಎಂಜಿನ್‌ಗಳಿವೆ. ಆದರೆ ಎಂಜಿನ್ ಉಳಿದರೆ ಊರು ಉಳಿದಂತಾಗುವುದಿಲ್ಲ. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕಕ್ಕೆ ಬರುತ್ತಿದ್ದ ನ್ಯಾರೋ ಗೇಜ್ ಈಗಿಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಕಾಡಿನ ನಡುವೆ ಸಾಗುತ್ತಿದ್ದ ಮೀಟರ್ ಗೇಜ್ ರೈಲ್ ಬಸ್ಸೂ ಇಲ್ಲ. ಹಳಿಗಳನ್ನು ಒಂದೇ ಅಗಲಕ್ಕೆ ತರಲು 1992ರಲ್ಲಿ ಆರಂಭವಾದ ಏಕ ಗೇಜ್ ಯೋಜನೆಯಿಂದ ಅನುಕೂಲವಾದದ್ದು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಹಳಿ ಬದಲಾದಾಗ ಹಂಚಿನ ಮಾಡಿನ ನಿಲ್ದಾಣ, ಕಲ್ಲುಬೆಂಚು, ಕೈಮರ, ಗೇಟಿನವನ ಮನೆಗಳ ಅಳತೆಯನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಮುಂದೆ ಯಾರೋ ಒಬ್ಬರು ಅವನ್ನು ಮತ್ತೆ ಕಟ್ಟಿಯಾರು.

ಮನೆಯ ಆಲ್ಬಮ್ಮಿನಲ್ಲಿ ಅಂಥ ನಿಲ್ದಾಣದ ಚಿತ್ರವಿದ್ದವರು ಅದರ ಹಿಂದೆ ಊರು, ವರ್ಷ ಬರೆದಿಡಿ. ಊರಿನಲ್ಲಿ ಹಳೆಯ ಕಟ್ಟಡ ಇನ್ನೂ ನಿಂತಿದ್ದರೆ, ಅನುಮತಿ ಪಡೆದು, ಟೇಪು ಹಿಡಿದು ಬಾಗಿಲು, ಕಿಟಕಿ, ಗೋಡೆಗಳ ಅಳತೆ ಗುರುತು ಹಾಕಿಕೊಳ್ಳಿ. ರಾಯ್ ಇಂಗ್ಲೆಂಡ್ ಶುರುಮಾಡಿದ್ದೂ ಅಷ್ಟರಿಂದಲೇ.