ಹೊಸ ಪಟ್ಟಿ ಕೂಡಿಸಿದರು, ಕಂಪ್ಯೂಟರ್ ಕಣ್ಣು ಮುಚ್ಚಿತು!

"ಬೋರ್ಡು ಹೋಗೇತಿ" ಅಂದವರನ್ನು ನಂಬುವ ಮುಂಚೆ ಹಳೇ ಪಟ್ಟಿ ತಿರುಗಿ ಹಾಕಿ ನೋಡ್ರಿ

"ನಿನ್ನೆತನಕ ಛಲೋ ನಡೀತಿತ್ರಿ. ಹೊಸಾ ರ್ಯಾಮ್ ಹಾಕಿಸಿದ್ವಿ, ಇವತ್ತ ಚಾಲೂನ ಆಗವಲ್ದು!"

ಈ ದೂರು ಈಗ ಬಾಗಲಕೋಟೆಯ ನವನಗರದಿಂದ ಇಳಕಲ್ಲಿನ ಸೀರೆ ಅಂಗಡಿಗಳವರೆಗೆ ಯಾರಿಗೂ ಹೊಸದಲ್ಲ. ವೇಗ ಹೆಚ್ಚಲಿ ಎಂದು ಒಂದು ಪಟ್ಟಿ ಕೂಡಿಸಿದರೆ ಇದ್ದ ವೇಗವೂ ಹೋಗಿ ಪರದೆ ಕಪ್ಪು! ಮನೆಯಲ್ಲಿ ಮಗನ ಪ್ರಾಜೆಕ್ಟ್ ನಿಂತಿತು, ಅಂಗಡಿಯಲ್ಲಿ ಬಿಲ್ಲು ನಿಂತಿತು. ಆಮೇಲೆ ಕಿವಿಗೆ ಬೀಳುವ ಮಾತು ಒಂದೇ: "ಮದರ್‌ಬೋರ್ಡ್ ಹೋಗೇತ್ರಿ, ಹೊಸಾದ ಹಾಕಬೇಕು."

ಬೋರ್ಡು ನಿಜವಾಗಿ ಹೋಗಿರಲೂಬಹುದು. ಆದರೆ ಹಳೆಯ ಸಾಮಾನು ತಿರುಗಿ ಹಾಕಿ ನೋಡದೆ ಈ ತೀರ್ಪು ಕೊಡುವುದೆಂದರೆ ಸಾಕ್ಷಿ ಕೇಳದೆ ಶಿಕ್ಷೆ ಕೊಟ್ಟಂತೆ. ಶಿಕ್ಷೆ ಬೀಳುವುದು ಗಿರಾಕಿಯ ಕಿಸೆಗೆ!

ಈಗೇಕೆ ಈ ಗಡಿಬಿಡಿ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಜಾಗ ಇರಲೇಬೇಕು. 4 ಜಿಬಿ ಎಂಬುದು ಕಾಗದದ ಮೇಲಿನ ಲೆಕ್ಕ. ಅಷ್ಟರಲ್ಲಿ ಯಂತ್ರ ಎತ್ತಿನ ಗಾಡಿಯಂತೆ ನಡೆಯುತ್ತದೆ. ಹೊಸ ಕಂಪ್ಯೂಟರಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಇದ್ದುದಕ್ಕೇ ರ್ಯಾಮ್ ಕೂಡಿಸಿ, ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಬಡವರ ದಾರಿ. ದಾರಿ ತಪ್ಪಲ್ಲ.

ಆದರೆ ಇಲ್ಲೊಂದು ತೊಡಕಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಕಂಪನಿ ಒಪ್ಪಿದ ಪ್ರೊಸೆಸರೂ ಬೇಕು. ಅವು ಇಲ್ಲದ ಯಂತ್ರಕ್ಕೆ ಎಷ್ಟು ರ್ಯಾಮ್ ತುಂಬಿದರೂ ಕಂಪನಿ ಒಪ್ಪುವುದಿಲ್ಲ. ಆದ್ದರಿಂದ ಹಣ ಬಿಚ್ಚುವ ಮುಂಚೆ ಮೈಕ್ರೋಸಾಫ್ಟಿನವರದೇ "ಪಿಸಿ ಹೆಲ್ತ್ ಚೆಕ್" ಎಂಬ ಪುಕ್ಕಟೆ ತಂತ್ರಾಂಶದಿಂದ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ.

ಪರದೆ ಕಪ್ಪಾದರೆ ವರ್ತಕರಿಗೇನು ನಷ್ಟ?

2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಖಾತೆ ಪುಸ್ತಕ ಪೆಟ್ಟಿಗೆಯೊಳಗೆ ಹೋಗಿದೆ. ತಿಂಗಳ ಲೆಕ್ಕ ಕೊಡುವವರು ಮಾರಾಟದ ವಿವರವನ್ನು ಮರುತಿಂಗಳ 11ರೊಳಗೆ, ತೆರಿಗೆಯ 3ಬಿ ಲೆಕ್ಕವನ್ನು 20ರೊಳಗೆ ಕೊಡಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ತಡದಂಡ, ವ್ಯವಹಾರವೇ ಇಲ್ಲದವರಿಗೆ ದಿನಕ್ಕೆ 20. ಮೇಲೆ ಬಾಕಿ ತೆರಿಗೆಗೆ ಬಡ್ಡಿ ಬೇರೆ. ಅಷ್ಟೇ ಅಲ್ಲ, ವಾರ್ಷಿಕ ಲೆಕ್ಕದ ಗಡುವು ಮುಗಿದ ಮೇಲೂ 72 ತಿಂಗಳು ಖಾತೆ ಕಾಯ್ದಿಡಬೇಕೆಂದು ಕಾಯ್ದೆ ಹೇಳುತ್ತದೆ. 19ನೇ ತಾರೀಖಿಗೆ ಪರದೆ ಕಪ್ಪಾದ ವರ್ತಕನ ಹೊಟ್ಟೆಯಲ್ಲಿ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧೈರ್ಯದ ಮಾತೊಂದಿದೆ. ಖಾತೆ ಇರುವುದು ಡಿಸ್ಕಿನಲ್ಲಿ. ಬೋರ್ಡಿನಲ್ಲೂ ಅಲ್ಲ, ರ್ಯಾಮಿನಲ್ಲೂ ಅಲ್ಲ. ಯಂತ್ರ ಏಳದಿದ್ದರೂ ಖಾತೆ ಸುರಕ್ಷಿತವಾಗಿಯೇ ಇರುವ ಸಂಭವ ಹೆಚ್ಚು. ಗಾಬರಿಯಲ್ಲಿ ಡಿಸ್ಕನ್ನು "ಫಾರ್ಮ್ಯಾಟ್" ಮಾಡಿಸಿದರೆ ಮಾತ್ರ ಖಾತೆಗೆ ನಿಜವಾದ ಗಂಡಾಂತರ!

ಕೊನೆಗೆ ಮುಟ್ಟಿದ್ದೇ ಮೊದಲ ಆರೋಪಿ

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಾರೆ. ಎಲ್ಲಿಯೋ ಒಂದೆಳೆ ಕಡಿದರೆ ಮಗ್ಗ ಕೆಟ್ಟಿತೆಂದು ಯಾರೂ ಮಗ್ಗ ಮಾರುವುದಿಲ್ಲ. ಕಡಿದ ಎಳೆ ಹುಡುಕಿ ಗಂಟು ಹಾಕಿ ಮುಂದೆ ನಡೆಯುತ್ತಾರೆ. ಕಂಪ್ಯೂಟರಿಗೂ ಇದೇ ನ್ಯಾಯ. ನಿನ್ನೆ ನಡೆಯುತ್ತಿತ್ತು, ಇಂದು ನಡೆಯದು ಎಂದರೆ ನಡುವೆ ಮುಟ್ಟಿದ್ದು ಏನು? ಅದನ್ನು ತೆಗೆದು ಮೊದಲಿನಂತೆ ಮಾಡಿ ನೋಡಬೇಕು. ಎದ್ದರೆ ಬೋರ್ಡು ಸತ್ತಿಲ್ಲ ಎಂಬುದು ಖಾತ್ರಿ. ತಪ್ಪು ಹೊಸ ಸಾಮಾನಿನದು, ಇಲ್ಲವೇ ಅದನ್ನು ಕೂಡಿಸಿದ ರೀತಿಯದು.

ಕೈ ಹಾಕುವ ಮುಂಚೆ ಪ್ಲಗ್ ಕೀಳಬೇಕು. ಚಾಲೂ ಮಾಡುವ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಒಳಗಿನ ಸಾಮಾನು ಮುಟ್ಟುವ ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟಬೇಕು. ನಮ್ಮ ಕಡೆಯ ಒಣಹವೆಯಲ್ಲಿ ಮೈಮೇಲಿನ ಸ್ಥಿರವಿದ್ಯುತ್ತು ಚಿಪ್ಪಿಗೆ ಕೇಡು. ಕರೆಂಟಿನ ಡಬ್ಬಿಯಾದ ಎಸ್‌ಎಂಪಿಎಸ್ ಅನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ಕರೆಂಟು ನಿಂತಿರುತ್ತದೆ. ಹುಷಾರ್!

ಇನ್ನು ಒಂದೊಂದೂರಿನ ಒಂದೊಂದು ರೋಗವನ್ನು ನೋಡೋಣ.

ಬಾಗಲಕೋಟೆ: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ವಿದ್ಯಾರ್ಥಿಯ ಮನೆಯಲ್ಲಿ ರ್ಯಾಮ್ ಕೂಡಿಸಿದ ಮೇಲೆ ಹೀಗಾಯಿತು ಎನ್ನಿ. ಹತ್ತಕ್ಕೆ ಹಲವು ಸಲ ಪಟ್ಟಿ ಪೂರ್ತಿ ಕೂತಿರುವುದಿಲ್ಲ. ಪಟ್ಟಿಯನ್ನು ತೆಗೆದು, ಸಮನಾಗಿ ಒತ್ತಿ, ಕಿವಿ "ಟಕ್" ಎನ್ನುವವರೆಗೆ ಕೂಡಿಸಬೇಕು. ಆಗಲೂ ಏಳದಿದ್ದರೆ ಹೊಸದನ್ನು ತೆಗೆದು ಹಳೆಯದೊಂದನ್ನೇ ಹಾಕಬೇಕು. ಎದ್ದಿತೇ? ಈಗ ಹೊಸದೊಂದನ್ನೇ ಅದೇ ಸ್ಲಾಟಿಗೆ ಹಾಕಬೇಕು. ಎರಡೂ ಒಂಟಿಯಾಗಿ ಎದ್ದು, ಜೋಡಿಯಾಗಿ ಏಳದಿದ್ದರೆ ಎರಡಕ್ಕೂ ಹೊಂದಾಣಿಕೆ ಇಲ್ಲ, ಇಲ್ಲವೇ ಎರಡನೆಯ ಸ್ಲಾಟು ಕೆಟ್ಟಿದೆ. ಅತ್ತೆ ಸೊಸೆ ಇಬ್ಬರೂ ಒಳ್ಳೆಯವರೇ, ಒಂದೇ ಮನೆಯಲ್ಲಿ ಮಾತ್ರ ಆಗಿಬರುವುದಿಲ್ಲ!

ಡಿಡಿಆರ್3, ಡಿಡಿಆರ್4, ಡಿಡಿಆರ್5 ಬೇರೆ ಬೇರೆ ಜಾತಿ. ಒಂದರ ಸ್ಲಾಟಿಗೆ ಇನ್ನೊಂದು ಕೂಡುವುದಿಲ್ಲ. ನಡುವಿನ ಕಚ್ಚಿನ ಜಾಗವೇ ಬೇರೆ. ಅವು ಬೇಡುವ ಕರೆಂಟೂ ಬೇರೆ: ಮಾಮೂಲಿ ಲೆಕ್ಕದಲ್ಲಿ 1.5, 1.2, 1.1 ವೋಲ್ಟ್. ಕೂಡದಿದ್ದರೆ ಜೋರಿನಿಂದ ತುರುಕಿದವರೇ ಬೋರ್ಡು ಕೊಂದವರು. ಡಿಡಿಆರ್5 ಯಂತ್ರವಾಗಿದ್ದರೆ ಇನ್ನೊಂದು ಮಾತು: ಹೊಸ ರ್ಯಾಮ್ ಹಾಕಿದ ಮೊದಲ ಸಲ ಅದನ್ನು ಪರೀಕ್ಷಿಸಿಕೊಳ್ಳಲು ಯಂತ್ರ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂತಿರುತ್ತದೆ. ಅವಸರದಿಂದ ಬಂದ್ ಮಾಡದೆ ಒಂದು ಚಾ ಕುಡಿದು ಬರಬೇಕು.

ಬಾದಾಮಿ: ಕಾರ್ಡು ಹಾಕಿದರು, ಚಿತ್ರ ಮಾಯ

ಫೋಟೋ ಸ್ಟುಡಿಯೋದವರು ಚಿತ್ರ ತಿದ್ದಲೆಂದು ಗ್ರಾಫಿಕ್ಸ್ ಕಾರ್ಡ್ ಕೂಡಿಸುತ್ತಾರೆ. ಮಾನಿಟರಿನ ತಂತಿ ಮಾತ್ರ ಹಿಂದಿನ ಹಳೆಯ ಜಾಗದಲ್ಲೇ ಉಳಿದಿರುತ್ತದೆ! ಕಾರ್ಡು ಹಾಕಿದ ಮೇಲೆ ತಂತಿ ಕಾರ್ಡಿಗೇ ಹೋಗಬೇಕು. ಇದು ಕಾಸಿಲ್ಲದ ದುರಸ್ತಿ.

ಎರಡನೆಯದು ಕರೆಂಟಿನ ಕೊರತೆ. ಕಾರ್ಡು ಕೂಡುವ ಸ್ಲಾಟು 75 ವ್ಯಾಟ್‌ಗಿಂತ ಹೆಚ್ಚು ಕೊಡುವುದಿಲ್ಲ. ಅದಕ್ಕೂ ದೊಡ್ಡ ಹೊಟ್ಟೆಯ ಕಾರ್ಡಿಗೆ 6 ಅಥವಾ 8 ಪಿನ್ನಿನ ಪ್ರತ್ಯೇಕ ತಂತಿ ಬೇಕು. ಆ ತಂತಿ ಮರೆತರೆ ಕಾರ್ಡು ಉಪವಾಸ. ಇನ್ನು ಬಾದಾಮಿಯ ಕೆಂಪು ಧೂಳಿನ ಮಾತು. ಪೆಟ್ಟಿಗೆ ತೆರೆದಾಗ ಆ ಧೂಳು ಸ್ಲಾಟಿಗೆ ಬಿದ್ದರೂ ಸಂಪರ್ಕ ತಪ್ಪುತ್ತದೆ. ಮೆತ್ತನೆಯ ಒಣ ಕುಂಚದಿಂದ ಜಾಡಿಸಬೇಕೇ ಹೊರತು ಒದ್ದೆ ಅರಿವೆಯಿಂದ ಒರೆಸಬಾರದು.

ಹುನಗುಂದ: ಕಂಪನಿಯ ಹೆಸರು ಬರುತ್ತದೆ, ಮುಂದೆ ಹೋಗುವುದಿಲ್ಲ

ಗೊಬ್ಬರದ ಅಂಗಡಿಯವರು ಎಸ್‌ಎಸ್‌ಡಿ ಹಾಕಿಸಿದ್ದಾರೆ. ಯಂತ್ರ "ಬೂಟ್ ಡಿವೈಸ್ ಇಲ್ಲ" ಎನ್ನುತ್ತದೆ. ಇದಕ್ಕೆ ಬೋರ್ಡನ್ನು ದೂರುವುದು ಶುದ್ಧ ಅನ್ಯಾಯ. ಬೋರ್ಡು ಎದ್ದಿದ್ದರಿಂದಲೇ ಆ ಅಕ್ಷರ ಕಾಣುತ್ತಿದೆ!

ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗಗಳು ಮುಳುಗಡೆಯಾಗಿ ಜನ ನವನಗರಕ್ಕೆ ಬಂದರಲ್ಲ? ಮನೆ ನವನಗರದ ಸೆಕ್ಟರಿನಲ್ಲಿ, ಪತ್ರದ ಮೇಲೆ ಹಳೇ ಓಣಿಯ ವಿಳಾಸ ಇದ್ದರೆ ಅಂಚೆಯವನು ಏನು ಮಾಡಿಯಾನು? ಇಲ್ಲೂ ಹಾಗೇ. ವಿಂಡೋಸ್ ಹೊಸ ಡಿಸ್ಕಿಗೆ ಬಂದಿದೆ, ಯಂತ್ರ ಹಳೆಯ ಡಿಸ್ಕಿನಲ್ಲಿ ಹುಡುಕುತ್ತಿದೆ. ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಗುಂಡಿ ಒತ್ತಿ (ಕಂಪನಿಗೊಂದು ಗುಂಡಿ) ಸೆಟಪ್ಪಿಗೆ ಹೋಗಿ ಹೊಸ ಡಿಸ್ಕಿಗೆ ಮೊದಲ ಸ್ಥಾನ ಕೊಟ್ಟರೆ ಕೆಲಸ ಆದೀತು.

ಸೆಟಪ್ಪಿನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ತಂತಿ ನೋಡಬೇಕು. ಸಾಟಾ ಡಿಸ್ಕಿಗೆ ಎರಡು ತಂತಿ: ಒಂದು ಮಾಹಿತಿಗೆ, ಒಂದು ಕರೆಂಟಿಗೆ. ಬೋರ್ಡಿನ ಮೇಲೇ ಮಲಗುವ ಎಂ.2 ಪಟ್ಟಿ ಹಾಕಿದರೆ ಕೆಲವು ಬೋರ್ಡುಗಳಲ್ಲಿ ಒಂದೆರಡು ಸಾಟಾ ಜಾಗ ತಾನಾಗಿ ಬಂದ್ ಆಗುತ್ತವೆ. ಹಳೆಯ ಡಿಸ್ಕಿನ ತಂತಿಯನ್ನು ಪಕ್ಕದ ಜಾಗಕ್ಕೆ ಬದಲಿಸಿ ನೋಡಬೇಕು. ಹೊಸ ಎಸ್‌ಎಸ್‌ಡಿ ಎಂದರೆ ಖಾಲಿ ಪಾಟಿ ಎಂಬುದೂ ನೆನಪಿರಲಿ. ಅದರಲ್ಲಿ ವಿಂಡೋಸ್ ಬರೆಯದೆ ಏಳು ಎಂದರೆ ಏನು ಓದಿ ಎದ್ದೀತು?

ಇಳಕಲ್: ಏಳುತ್ತದೆ, ಮರುಗಳಿಗೆ ಮಲಗುತ್ತದೆ

ಹೊಸ ಪ್ರೊಸೆಸರ್ ಹಾಕಿಸಿದ ಯಂತ್ರ ಕೆಲವು ಸೆಕೆಂಡು ನಡೆದು ನಿಂತರೆ ಮೊದಲು ಅದರ ಮೇಲಿನ ಕೂಲರ್ ನೋಡಬೇಕು. ಅದು ಬಿಗಿಯಾಗಿ ಕೂತಿರದಿದ್ದರೆ, ನಡುವೆ ಶಾಖ ದಾಟಿಸುವ ಪೇಸ್ಟ್ ಇಲ್ಲದಿದ್ದರೆ, ಫ್ಯಾನಿನ ತಂತಿ ಸಿಕ್ಕಿಸಿರದಿದ್ದರೆ ಪ್ರೊಸೆಸರ್ ಕಾಯ್ದು ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ. ಬ್ಯಾಸಗಿಯ ಬಿಸಿಲಲ್ಲಂತೂ ಕೇಳುವುದೇ ಬೇಡ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ತಂತಿಯೂ ಕೂತಿರಬೇಕು. ಅದನ್ನು ಮರೆತರೆ ಫ್ಯಾನ್ ತಿರುಗೀತು, ಯಂತ್ರ ಏಳದು. ಹೊಸ ಪ್ರೊಸೆಸರನ್ನು ಹಳೆಯ ಬೋರ್ಡು ಗುರುತಿಸಬೇಕಾದರೆ ಮೊದಲೇ ಬಯೋಸ್ ಹೊಸದು ಮಾಡಬೇಕಾದ ಪ್ರಸಂಗವೂ ಉಂಟು. ಸಾಮಾನು ಹೆಚ್ಚಾಗಿ ಎಸ್‌ಎಂಪಿಎಸ್ ಹಳೆಯದೇ ಉಳಿದರೂ ಹೀಗೆ ಆಗುತ್ತದೆ. ಒಂದೆತ್ತಿನ ಮೇಲೆ ಎರಡೆತ್ತಿನ ಭಾರ!

ದೀಪವೂ ಇಲ್ಲ, ಫ್ಯಾನೂ ಇಲ್ಲ, ಪೂರಾ ತಣ್ಣಗೆ ಎಂದರೆ? ಹಿಂದಿನ ಚಿಕ್ಕ ಸ್ವಿಚ್ಚು, ಪ್ಲಗ್ಗಿನ ತಂತಿ, ಮುಂದಿನ ಗುಂಡಿಯಿಂದ ಬೋರ್ಡಿಗೆ ಬರುವ ಎರಡು ಸಣ್ಣ ತಂತಿ, ಬೋರ್ಡಿನ 24 ಪಿನ್ನಿನ ದೊಡ್ಡ ತಂತಿ — ಈ ನಾಲ್ಕನ್ನು ನೋಡದೆ ಮುಂದೆ ಹೋಗಬಾರದು. ಪೆಟ್ಟಿಗೆ ಬಿಚ್ಚುವಾಗ ಕೈ ತಾಗಿ ಜಾರುವುದು ಹೆಚ್ಚಾಗಿ ಇವೇ.

ಎದ್ದ ಮೇಲೂ ಎರಡು ಗಂಟು

ಸಾಮಾನು ಬದಲಾದದ್ದನ್ನು ಕಂಡು ಕೆಲವು ಯಂತ್ರಗಳು "ಬಿಟ್‌ಲಾಕರ್" ಹೆಸರಿನಲ್ಲಿ 48 ಅಂಕಿಯ ಗುಪ್ತ ಸಂಖ್ಯೆ ಕೇಳುತ್ತವೆ. ಅದು ಇಲ್ಲದಿದ್ದರೆ ಡಿಸ್ಕು ಬಾಯಿ ಬಿಡುವುದಿಲ್ಲ. ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರಬಹುದು. ಪೆಟ್ಟಿಗೆ ಬಿಚ್ಚುವ ಮುಂಚೆಯೇ ಅದನ್ನು ಕಾಗದದ ಮೇಲೆ ಬರೆದಿಡಬೇಕು.

ಇನ್ನೊಂದು ಗಡಿಯಾರ. ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ರೂಪಾಯಿ ಆಕಾರದ ಸೆಲ್ ಇರುತ್ತದೆ. ಅದು ಹೋದರೆ, ಅಥವಾ ದುರಸ್ತಿಯಲ್ಲಿ ಅದನ್ನು ತೆಗೆದು ಹಾಕಿದರೆ, ತಾರೀಖು ವರ್ಷಗಳಷ್ಟು ಹಿಂದೆ ಹೋಗುತ್ತದೆ. ತಾರೀಖು ತಪ್ಪಿದ ಯಂತ್ರದಲ್ಲಿ ಬ್ಯಾಂಕು, ಜಿಎಸ್‌ಟಿ ತಾಣಗಳು ತೆರೆಯುವುದಿಲ್ಲ. "ನೆಟ್ ಹೋಗೇತಿ" ಎಂದು ಕೂಗಾಡುವ ಮುಂಚೆ ಮೂಲೆಯ ಗಡಿಯಾರ ನೋಡಬೇಕು.

ಬಸ್ಸಿನಲ್ಲಿ ಒಯ್ಯುವವರಿಗೆ

ಊರಲ್ಲಿ ದುರಸ್ತಿ ಆಗದೆ ಬಸ್ಸಿನಲ್ಲಿ ಬಾಗಲಕೋಟೆಗೆ ಹೊತ್ತೊಯ್ಯುವವರು ಮಾನಿಟರ್, ಕೀಬೋರ್ಡ್ ಒಯ್ಯಬೇಕಾಗಿಲ್ಲ, ಪೆಟ್ಟಿಗೆ ಸಾಕು. ಬೋರ್ಡು ಕೆಳಗೆ ಬರುವಂತೆ ಪೆಟ್ಟಿಗೆಯನ್ನು ಅಡ್ಡ ಮಲಗಿಸಬೇಕು. ನಿಲ್ಲಿಸಿ ಒಯ್ದರೆ ತಗ್ಗು ಬಿದ್ದ ರಸ್ತೆಯ ಕುಲುಕಾಟಕ್ಕೆ ಭಾರದ ಕೂಲರೂ ಕಾರ್ಡೂ ಜೋತು ಸಡಿಲಾಗುತ್ತವೆ. ಒಂದು ರೋಗಕ್ಕೆ ಹೋದವರು ಎರಡು ರೋಗ ತಂದಂತಾದೀತು.

ದುರಸ್ತಿಗೆ ಕೊಡುವಾಗ ಏನೇನು ಬದಲಿಸಿದ್ದಾಯಿತು, ಎಂದಿನಿಂದ ಏಳುತ್ತಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಬೇಕು. "ನನ್ನ ಎದುರಿಗೆ ಹಳೇ ರ್ಯಾಮ್ ಒಂದೇ ಹಾಕಿ ತೋರಿಸ್ರಿ" ಎಂದು ಕೇಳಲು ಸಂಕೋಚ ಬೇಡ. ಪ್ರಾಮಾಣಿಕ ಕೆಲಸಗಾರ ಬೇಸರಿಸುವುದಿಲ್ಲ. ಅವನಿಗೂ ಅದೇ ಮೊದಲ ಪರೀಕ್ಷೆ. ತೆಗೆದ ಹಳೆಯ ಸಾಮಾನು, ವಿಶೇಷವಾಗಿ ಡಿಸ್ಕು, ತಿರುಗಿ ಪಡೆಯಲೇಬೇಕು. ಅದು ಖಾತೆ ಪುಸ್ತಕ, ಗುಜರಿಯಲ್ಲ. ಬಿಲ್ಲು ಇದ್ದರೆ ಮೋಸವಾದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಬಿಲ್ಲಿಲ್ಲದ ಬಾಯಿಮಾತಿಗೆ ಬೆಲೆ ಸಿಕ್ಕುವುದು ಕಷ್ಟ.

ಮುಂದೆ ಹೊಸದೇನಾದರೂ ಕೂಡಿಸುವವರು ಹಿಂದಿನ ರಾತ್ರಿ ಖಾತೆಯ ಒಂದು ನಕಲನ್ನು ಪೆನ್‌ಡ್ರೈವಿಗೆ ಇಳಿಸಿ, ಸೆಟಪ್ ಪರದೆಗಳ ಫೋಟೋವನ್ನು ಮೊಬೈಲಿನಲ್ಲಿ ಹಿಡಿದಿಡಲಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಲಿ. ರ್ಯಾಮ್, ಡಿಸ್ಕು, ಕಾರ್ಡು ಮೂರನ್ನೂ ಒಮ್ಮೆಲೇ ಹಾಕಿಸಿ ಕೂತರೆ ಕಳ್ಳ ಯಾರೆಂದು ಹುಡುಕುವುದರಲ್ಲೇ 20ನೇ ತಾರೀಖು ದಾಟಿಹೋದೀತು!